ಮಠದ ತಿಥಿಹಲಗೆ

ನಮ್ಮವರು ಮಾಡಿದ ತಿಥಿಹಲಗೆ ಮೊದಲು ಕೆಡಿಸಿದ್ದು ಒಬ್ಬ ಅಜ್ಜಿಯ ಉಪವಾಸವನ್ನು.

ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಜಮಾನರು ತೊಂಬತ್ತರ ದಶಕದುದ್ದಕ್ಕೂ ರೇಡಿಯೊ, ಟಿ.ವಿ. ರಿಪೇರಿ ಮಾಡಿದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ರಿಪೇರಿಗೆ ಬರುವವರು ಕಡಿಮೆಯಾದರು. ಆಗ ಕೆಂಪು ದೀಪದ ಅಕ್ಷರ ಬೆಳಗುವ ಹಲಗೆ ಮಾಡುವುದನ್ನು ಕಲಿತರು. ಮೊದಲನೆಯ ಹಲಗೆ ಕೇಳಿದ್ದು ನಮ್ಮ ಬೀದಿಯ ಮಠ. ಬಾಗಿಲ ಬಳಿ ಸೀಮೆಸುಣ್ಣದಲ್ಲಿ ದಿನದ ತಿಥಿ, ವಾರ ಬರೆಯುತ್ತಿದ್ದ ಕರಿಹಲಗೆಯ ಜಾಗಕ್ಕೆ ಇದು. ಒಳಗೆ ಅಂಗೈಯಗಲದ ಕಂಪ್ಯೂಟರು. ಅದನ್ನೂ ಅದನ್ನು ನಡೆಸುವ ಸಿಸ್ಟಮ್ಮನ್ನೂ ಹೊರ ಊರಿನ ಒಂದು ಕಂಪನಿಯಿಂದ ತರಿಸಿದ್ದರು.

ಮಠದ ಎದುರು ಮನೆಯ ಅಜ್ಜಿ ಅಮಾವಾಸ್ಯೆಯ ದಿನ ಉಪವಾಸವಿದ್ದು, ಪಾಡ್ಯ ಬಂದ ಮೇಲೇ ಬಾಯಿಗೆ ಏನಾದರೂ ಹಾಕುವವರು. ಹಲಗೆ ತೂಗುಹಾಕಿದ ಮೊದಲ ಅಮಾವಾಸ್ಯೆ ಕಳೆದ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗ ಬಂದು ನಿಂತರು.

“ನಿಮ್ಮ ಪೆಟ್ಟಿಗೆ ಮಾತು ಕೇಳ್ಕೊಂಡು ಕತ್ತಲಲ್ಲೇ ಕಾಫಿ ಕುಡಿದ್ಬುಟ್ಟೆ ಕಣಮ್ಮ. ಪಾಡ್ಯ ಅಂತಿತ್ತು. ಆಚೆ ಬಂದು ನೋಡ್ತೀನಿ, ಸೂರ್ಯನೇ ಇಲ್ಲ.”

ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಕಂಪನಿಯ ಸಿಸ್ಟಮ್ಮು ಗಡಿಯಾರದ ಹನ್ನೆರಡಕ್ಕೇ ದಿನ ತಿರುಗಿಸಿಬಿಟ್ಟಿತ್ತು. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಪಂಚಾಂಗ ನೋಡಿ ತಿಥಿಗಳನ್ನು ಓದಿ ಹೇಳಿದವಳು ನಾನು. ಪ್ರತಿದಿನ ಲಿಂಗಪೂಜೆ ಮುಗಿಸಿ ಬಿಸಿಲು ಬಿದ್ದ ಮೇಲೆ ಹಾಳೆ ಮಗುಚುವ ನನಗೆ, ಇದನ್ನು ಯಂತ್ರಕ್ಕೆ ಹೇಳಿಕೊಡಬೇಕು ಅಂತ ಹೊಳೆದೇ ಇರಲಿಲ್ಲ.

ನಮ್ಮವರು ಕಂಪನಿಗೆ ಪತ್ರ ಬರೆದರು. ಸಿಸ್ಟಮ್ಮನ್ನು ತೆರೆಯುವ ಹಾಗಿಲ್ಲ, ನಿಮ್ಮ ಒಂದು ಹಲಗೆಗಾಗಿ ನಾವು ತಿದ್ದುವುದಿಲ್ಲ ಎಂದು ಉತ್ತರ ಬಂತು. ಮಠದ ಆಡಳಿತ ನೋಡಿಕೊಳ್ಳುತ್ತಿದ್ದ ಹಿರಿಯರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

“ಯಂತ್ರ ಸುಳ್ಳು ಹೇಳಿದ್ರೆ ಜನ ಮಠವೇ ಸುಳ್ಳು ಹೇಳ್ತು ಅಂತಾರೆ. ಶಿವರಾತ್ರಿ ಹೊತ್ತಿಗೆ ಸರಿಮಾಡಿ. ಇಲ್ಲಾಂದ್ರೆ ನಮಗೆ ಕರಿಹಲಗೆಯೇ ಸಾಕು.”

ಮಠದಿಂದ ಇಳಿಸಿದ ಹಲಗೆಯನ್ನು ಊರಲ್ಲಿ ಇನ್ಯಾರು ಕೇಳುತ್ತಾರೆ? ನಮ್ಮವರು ಮನೆಗೆ ಬಂದವರೇ, “ನಿಮ್ಮಣ್ಣನ ಹಾರ್ಡ್‌ವೇರ್ ಅಂಗಡೀಲಿ ಹೋಗಿ ಕೂತ್ಕೊಳ್ತೀನಿ ಬುಡು” ಅಂದರು. ಇಷ್ಟು ವರ್ಷದ ಕೈಕೆಲಸ ಬಿಟ್ಟು ಮೊಳೆ ತೂಗುವುದು.

“ಕೂತ್ಕೊಳ್ಳಿ, ಬೇಡ ಅನ್ನಲ್ಲ. ಶಿವರಾತ್ರಿ ಆದ್ಮೇಲೆ ಕೂತ್ಕೊಳ್ಳಿ” ಅಂದೆ.

ಗೋಕುಲಂನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರಿದ್ದರು. ಅವರ ಹಳೆಯ ರೇಡಿಯೊಗೆ ನಮ್ಮವರೇ ವೈದ್ಯರು. ಮಾರನೆಯ ದಿನ ಇಬ್ಬರೂ ಅವರ ಮನೆಗೆ ಹೋದೆವು. ಅವರು ಒಂದು ಸಿ.ಡಿ. ಕೈಗಿಟ್ಟರು.

“ಇದು ಲಿನಕ್ಸ್ ಕಣ್ರೀ. ಈ ಸಿಸ್ಟಮ್ ಬರೆದೋರು ಏನೂ ಬಚ್ಚಿಟ್ಟಿಲ್ಲ. ತೆಗೆದು ಓದಿ, ಬೇಕಾದ್ದು ಇಟ್ಕೊಳ್ಳಿ, ಬೇಡದ್ದು ಕಿತ್ತಾಕಿ. ಯಾರ ಅಪ್ಪಣೇನೂ ಬೇಡ.”

ನಾನು ಸುಮ್ಮನಿರದೆ, “ಅಷ್ಟು ಕಷ್ಟಪಟ್ಟು ಬರೆದು ಸುಮ್ಮನೆ ಯಾಕೆ ಹಂಚ್ತಾರೆ ಸಾರ್?” ಅಂದೆ.

“ನಿಮ್ಮ ಮಠದಲ್ಲಿ ದಾಸೋಹ ಯಾಕೆ ಮಾಡ್ತಾರಮ್ಮ?”

ಸಿ.ಡಿ.ಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಉಂಡವರು ಒಂದು ದಿನ ಬಡಿಸುವುದಕ್ಕೂ ನಿಲ್ಲಬೇಕು, ಅಷ್ಟೇ ತಾನೆ.

ಸುಲಭವಾಗಿತ್ತು ಅಂದರೆ ಸುಳ್ಳಾಗುತ್ತದೆ. ಓದಬೇಕಾದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ನಮ್ಮವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರು. ಆಟ, ಹಾಡು, ಚಿತ್ರ ಎಂದು ಹಲಗೆಗೆ ಬೇಡವಾದದ್ದನ್ನೆಲ್ಲ ಕಿತ್ತು ಹಾಕಿದರು. ಅಕ್ಕಿ ಕೇರಿದ ಹಾಗೆ ಹಗುರಾದ ಸಿಸ್ಟಮ್ಮು ಅದೇ ಪುಟ್ಟ ಕಂಪ್ಯೂಟರಿನಲ್ಲಿ ಮೊದಲಿಗಿಂತ ಚುರುಕಾಗಿ ಎದ್ದು ಕೂರುತ್ತಿತ್ತು. ಮಧ್ಯಾಹ್ನ ನಾನು ಮೊರ ಹಿಡಿದು ಪಕ್ಕದಲ್ಲಿ ಕೂತು, ವರ್ಷದ ಒಂದೊಂದು ದಿನದ ಸೂರ್ಯೋದಯವನ್ನೂ ಪಂಚಾಂಗ ನೋಡಿ ಹೇಳಿದೆ. ಅವರು ಬೆರಳಚ್ಚಿಸಿದರು. ಕನ್ನಡದ ಅಕ್ಷರಗಳನ್ನೂ ನಾನೇ ಬರೆದುಕೊಟ್ಟೆ. ಚೌಕದ ನೋಟ್‌ಬುಕ್ಕಿನಲ್ಲಿ, ಯಾವ ದೀಪ ಹತ್ತಬೇಕೋ ಆ ಮನೆಯಲ್ಲಿ ಒಂದು ಚುಕ್ಕಿ. ರಂಗೋಲಿ ಇಟ್ಟ ಕೈಗೆ ಅದೇನು ಕಷ್ಟ? ಕಂಪನಿಯ ಪೆಟ್ಟಿಗೆಯಲ್ಲಿ ಅವರು ಕೊಟ್ಟ ಅಕ್ಷರವೇ ಗತಿಯಾಗಿತ್ತು.

ಶಿವರಾತ್ರಿಗೆ ಒಂದು ವಾರವಿದ್ದಾಗ ಹೊಸ ತೊಡಕು ಕಂಡಿತು. ಕರೆಂಟು ಹೋಗಿ ಬಂದರೆ ಹಲಗೆಯ ಗಡಿಯಾರ ಯಾವುದೋ ಹಳೆಯ ಇಸವಿಗೆ ಓಡಿಹೋಗುತ್ತಿತ್ತು. ನಮ್ಮ ಬೀದಿಯಲ್ಲಿ ಕರೆಂಟು ಹೋಗದ ದಿನವೇ ಇರಲಿಲ್ಲ. ನಮ್ಮವರು ಸೈಬರ್ ಸೆಂಟರಿಗೆ ಹೋಗಿ, ಈ ಸಿಸ್ಟಮ್ಮಿನಲ್ಲಿ ಕೆಲಸ ಮಾಡುವವರೆಲ್ಲ ಇಂಟರ್ನೆಟ್ಟಿನಲ್ಲಿ ಸೇರುವ ಕಡೆ ತಮಗೆ ಬಂದ ಇಂಗ್ಲಿಷಿನಲ್ಲಿ ಕೇಳಿದರು. ಮೂರನೆಯ ದಿನ ಉತ್ತರ ಬಂತು. ಬರೆದವರು ಹಿಮ ಬೀಳುವ ಯಾವುದೋ ದೇಶದವರು. ಒಳಗಿನ ಬ್ಯಾಟರಿ ಗಡಿಯಾರದಿಂದ ಹೊತ್ತು ಓದಿಕೊಳ್ಳುವುದಕ್ಕೆ ಯಾವ ಸಾಲು, ಹೇಗೆ ತಿದ್ದಬೇಕು, ಎಲ್ಲ ಹೇಳಿದ್ದರು. ನಮ್ಮವರು ಹಾಗೇ ತಿದ್ದಿದರು. ನಮ್ಮನ್ನು ನೀವು ಯಾರು ಅಂತಲೂ ಕೇಳಿರಲಿಲ್ಲ. ಅವರ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ಮಾರನೆಯ ದಿನ ಪೂಜೆಯಲ್ಲಿ ಅವರಿಗೆಂದು ಒಂದು ಬಿಲ್ವಪತ್ರೆ ಹೆಚ್ಚಿಗೆ ಏರಿಸಿದೆ.

ಶಿವರಾತ್ರಿಯ ಜಾಗರಣೆ ಮುಗಿದ ನಸುಕಿನಲ್ಲಿ ನಾವೆಲ್ಲ ಮಠದ ಬಾಗಿಲಲ್ಲಿದ್ದೆವು. ಹಿರಿಯರು ಒಂದು ಕೈಯಲ್ಲಿ ಪಂಚಾಂಗ ಹಿಡಿದು ಇನ್ನೊಂದು ಕೈಯ ವಾಚು ನೋಡುತ್ತಿದ್ದರು. ಕರಿಹಲಗೆಯನ್ನೂ ತೊಳೆಸಿ ಗೋಡೆಗೆ ಒರಗಿಸಿದ್ದರು. ದೀಪದ ಹಲಗೆಯಲ್ಲಿ ಇನ್ನೂ ಚತುರ್ದಶಿ.

“ಏನಮ್ಮ, ನಿಂತೋಯ್ತಾ ನಿಮ್ಮ ಪೆಟ್ಟಿಗೆ?” ಎಂದರು ಅಜ್ಜಿ.

“ಇಲ್ಲ ಅಜ್ಜಿ, ಈಗ ಅದೂ ಸೂರ್ಯನ್ನ ಕಾಯ್ತಿದೆ.”

ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮವರು ನನ್ನ ಕಡೆ ನೋಡಲಿಲ್ಲ. ನಾನು ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಐದು ನಿಮಿಷಕ್ಕೆ ದೀಪ ಬಂತು. ಹಲಗೆ ಒಮ್ಮೆ ಮಿಟುಕಿ, ತಾನಾಗಿಯೇ ಎದ್ದು, ಚತುರ್ದಶಿ ಅಂದಿತು. ಮೂಲೆಯಲ್ಲಿ ತೋರಿಸುವ ಹೊತ್ತೂ ಸರಿಯಾಗಿತ್ತು. ಎದುರು ಮನೆಯ ಹೆಂಚಿನ ಮೇಲೆ ಬಿಸಿಲು ಬೀಳುವಾಗ ಅಕ್ಷರ ತಿರುಗಿ ಅಮಾವಾಸ್ಯೆಯಾಯಿತು.

ಹಿರಿಯರು ಪಂಚಾಂಗ ಮಡಚಿದರು. “ಆ ಕರಿಹಲಗೆ ಶಾಲೆಗೆ ಕೊಟ್ಬುಡಿ. ಕೆಸರೆ ದೇವಸ್ಥಾನದೋರೂ ಇಂಥದ್ದು ಒಂದು ಕೇಳ್ತಿದ್ರು, ಹೋಗಿ ನೋಡ್ಕೊಂಡ್ಬನ್ನಿ.”

ಅಣ್ಣನ ಅಂಗಡಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅಜ್ಜಿ ಮಾತ್ರ ಹಲಗೆಯನ್ನೇ ದಿಟ್ಟಿಸುತ್ತಾ ನಿಂತಿದ್ದರು.

“ಶಿವರಾತ್ರಿ ಉಪವಾಸ ಮುಗೀತು ಅನ್ಕೊಂಡೆ, ಅಮಾವಾಸ್ಯೆದು ಶುರುವಾಯ್ತು. ಸುಳ್ಳು ಹೇಳಿದ್ರೂ ಕಷ್ಟ, ನಿಜ ಹೇಳಿದ್ರೂ ಕಷ್ಟ. ನಿಮ್ಮ ಪೆಟ್ಟಿಗೆ ಸಹವಾಸದಲ್ಲಿ ನನಗೆ ಕಾಫಿ ಯೋಗ ಇಲ್ಲ ಕಣಮ್ಮ.”