ಪಗೋನಾಳ ಮಗಳು ಜಾರಿ ಬೀಳಲಿಲ್ಲ

ಗ್ರೀಸಿನ ತುದಿಯ ನಮ್ಮ ಮಾನಿ ಸೀಮೆಯಲ್ಲಿ ಯಾರಾದರೂ ಸತ್ತರೆ ಹೆಂಗಸರು ಹೆಣದ ಸುತ್ತ ಕೂತು ಹಾಡಿ ಅಳುತ್ತಾರೆ, ಗಂಡಸರು ಅಂಗಳದಲ್ಲಿ ನಿಂತು ಕೇಳುತ್ತಾರೆ. ಮೊದಲೇ ಸತ್ತವರಿಗೆ ಏನಾದರೂ ಹೇಳಿಕಳಿಸುವುದಿದ್ದರೆ ಆ ಹೆಣದ ಕಿವಿಗೇ ಹೇಳಬೇಕು. ಹಾಡುವವಳನ್ನು ನಡುವೆ ತಡೆಯುವ ಹಾಗಿಲ್ಲ. ಕೊಲೆ ಮಾಡಿ ಮೀಸೆ ತಿರುವುವ ನಮ್ಮ ಗಂಡಸರು ಈ ಒಂದು ಕಟ್ಟಳೆಗೆ ಮಾತ್ರ ಹೆದರುತ್ತಾರೆ.

ಪಗೋನಾ ಗಂಡ ಸತ್ತವಳು. ಮಗ ಸರಾಂಡೋಸ್, ಮಗಳು ಲಿಗೇರಿ. ಲಿಗೇರಿ ಉಪ್ಪಿನ ಲಾರಿಯ ಡ್ರೈವರನೊಬ್ಬನ ಜೊತೆ ನಗುತ್ತಾ ಮಾತಾಡಿದ್ದನ್ನು ಯಾರೋ ಕಂಡರು. ಆ ವಾರವೇ ಅವಳು ಮಳೆನೀರಿನ ತೊಟ್ಟಿಯಲ್ಲಿ ತೇಲಿದಳು. ಅಣ್ಣ ತಳ್ಳಿದ್ದು ಊರಿಗೆಲ್ಲ ಗೊತ್ತು. ಪೊಲೀಸರು ಬಂದಾಗ ಊರಿಗೆ ಊರೇ, ಪಾದ್ರಿಯೂ ಸೇರಿ, ಹುಡುಗಿ ಜಾರಿ ಬಿದ್ದಳು ಎಂದಿತು. ಮನೆತನದ ಮಾನ ಉಳಿಸಿದೆಯೆಂದು ಸರಾಂಡೋಸನ ಬೆನ್ನು ತಟ್ಟಿದವರೂ ಇದ್ದರು.

"ನೀನೇ ಅಲ್ವೇನೋ ತಳ್ಳಿದ್ದು? ನನ್ನ ಮುಂದೆ ಒಂದ್ಸಲ ಹೇಳಿಬಿಡು," ಎಂದು ಪಗೋನಾ ಮಗನನ್ನು ಕೇಳಿದಳು.

"ಜಾರಿಬಿದ್ಳಮ್ಮ. ಊಟ ಹಾಕು."

ಹಾಕಿದಳು. ಬೇರೆ ಎಲ್ಲಿಗೆ ಹೋಗುತ್ತಾಳೆ? ಆದರೆ ಮುಂದಿನ ಸಾವಿನ ಮನೆಯಲ್ಲಿ, ಮುದುಕ ಕುರುಬನೊಬ್ಬನ ಹೆಣದ ಮುಂದೆ, ದನಿ ಎತ್ತಿದಳು: "ಹೋಗ್ತಾ ಇದ್ದೀಯಲ್ಲಣ್ಣ, ನನ್ನ ಲಿಗೇರಿ ಸಿಕ್ತಾಳೆ. ನೀನು ಜಾರ್ಲಿಲ್ಲ ಮಗಳೇ, ನಿಮ್ಮಣ್ಣ ತಳ್ದ, ಅಮ್ಮಂಗೆ ಗೊತ್ತು ಅಂತ ಅವಳಿಗೆ ಹೇಳು."

ಅಂಗಳದಲ್ಲಿ ಸರಾಂಡೋಸ್ ತುಟಿ ಕಚ್ಚಿ ನಿಂತಿದ್ದ. ಯಾರೂ ಅವನತ್ತ ನೋಡಲಿಲ್ಲ.

ಆಮೇಲೆ ಊರಲ್ಲಿ ಯಾರೇ ಸಾಯಲಿ, ಪಗೋನಾ ಹಾಜರು. ಹೆರಿಗೆಯಲ್ಲಿ ಸತ್ತವಳ ಕಿವಿಗೂ ಅದೇ, ಹಾಲುಗಲ್ಲದ ಕೂಸಿನ ಕಿವಿಗೂ ಅದೇ. ಜನ ರೋಸಿಹೋಗಿ ಬಾಗಿಲು ಹಾಕಿಕೊಂಡರೆ ಹೊಸ್ತಿಲಲ್ಲಿ ಕೂತು ಹಾಡಿದಳು. ಸರಾಂಡೋಸನಿಗೆ ಹೆಣ್ಣು ಕೊಡುವವರಿಲ್ಲದಾಯಿತು. ಅವನು ತಾಯಿಯ ಹಲ್ಲು ಉದುರುವಂತೆ ಹೊಡೆದ. ಅವಳು ತೊದಲುತ್ತಲೇ ಹಾಡಿದಳು. ನಮ್ಮ ಹೆಂಗಸರು ತಲೆವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು.

ಮುಂದೊಂದು ದಿನ ಪಕ್ಕದ ಮನೆಯ ಹುಡುಗಿ ಕನೇಲಾ ಮೀನುಗಾರನೊಬ್ಬನ ಜೊತೆ ಸಿಕ್ಕಿಬಿದ್ದಳು. ಅವಳಪ್ಪ ಕೋವಿ ತೆಗೆದ. ಅಜ್ಜಿ ಅಡ್ಡ ನಿಂತಳು.

"ಕೊಲ್ಲೋ, ಕೊಲ್ಲು. ನಾಳೆಯಿಂದ ಪಗೋನಾ ಬಾಯಲ್ಲಿ ನಿನ್ನ ಹೆಸರೂ ಬರುತ್ತೆ. ಆಗ ನಿನ್ನ ಗಂಡುಮಕ್ಕಳಿಗೆ ಯಾರು ಹೆಣ್ಣು ಕೊಡ್ತಾರೆ ನೋಡೋಣ!"

ಅವನು ಕೋವಿಯನ್ನು ಗೋಡೆಗೆ ತಗುಲಿಹಾಕಿದ. ಕರುಣೆ ಹುಟ್ಟಿತೆಂದು ತಿಳಿಯಬೇಡಿ, ಹೆದರಿದ, ಅಷ್ಟೆ. ಆಮೇಲೆ ನಮ್ಮೂರಲ್ಲಿ ಯಾವ ಹುಡುಗಿಯೂ ತೊಟ್ಟಿಯಲ್ಲಿ ತೇಲಲಿಲ್ಲ.

ಮೀನುಗಾರನನ್ನು ಕಟ್ಟಿಕೊಂಡು ದೂರ ಹೋಗಿದ್ದ ಕನೇಲಾ, ಎಷ್ಟೋ ವರ್ಷದ ಮೇಲೆ ಅಜ್ಜಿಯ ಸಾವಿಗೆ ಮಕ್ಕಳ ಜೊತೆ ಬಂದಳು. ಪಗೋನಾ ಹಾಡತೊಡಗಿದ್ದೇ, "ಈ ಮುದುಕಿ ಇನ್ನೂ ಇದನ್ನ ಬಿಟ್ಟಿಲ್ವಾ? ನಮ್ಮಜ್ಜಿ ಸಾವಲ್ಲೂ ಇವಳದೇ ಗೋಳು," ಎಂದು ಮೂಗು ಮುರಿದಳು. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

ಕೊನೆಗೆ ಸರಾಂಡೋಸ್ ಹೊಟ್ಟೆಯ ಹುಣ್ಣಿನಿಂದ ಹಾಸಿಗೆ ಹಿಡಿದ. ಪಗೋನಾ ಸಾರು ಕುಡಿಸಿದಳು, ಹೊಲಸು ಬಳಿದಳು, ನೀನೇ ಅಲ್ವೇನೋ ತಳ್ಳಿದ್ದು ಎಂದು ದಿನವೂ ಕೇಳಿದಳು. ಅವನು ದಿನವೂ ಗೋಡೆಯತ್ತ ಮುಖ ತಿರುಗಿಸಿದ. ಹಾಗೇ ಸತ್ತ.

ಶಾಪ ಹಾಕುತ್ತಾಳೋ, ಮಗನೆಂದು ಅಳುತ್ತಾಳೋ ನೋಡಲು ಊರೆಲ್ಲ ನೆರೆಯಿತು. ಅವಳು ಅವನ ಕೂದಲು ಬಾಚಿ, ಕಿವಿಯ ಬಳಿ ಬಗ್ಗಿದಳು.

"ಇವತ್ತು ಏನೂ ಹೇಳಿಕಳ್ಸಲ್ಲ ಮಗಾ. ನೀನೇ ಹೋಗ್ತಿದ್ದೀಯಲ್ಲ. ನನ್ನ ಮುಂದೆ ಬಾಯಿ ಬಿಡ್ಲಿಲ್ಲ, ಅವಳ ಮುಂದಾದ್ರೂ ಬಿಡು."