ಪಕ್ಕದ ಆಲೆಮನೆಯ ಬೆಲ್ಲ

ಪಾಂಡವಪುರದ ಹತ್ತಿರ, ನಮ್ಮ ಮನೆ ಪಕ್ಕದ ಹೊಲದವನು ಆಲೆಮನೆ ಹಾಕಿದ. ಕಬ್ಬಿನ ಸಿಪ್ಪೆ ಸಾಲದೆ ಒಲೆಗೆ ಹಳೇ ಟೈರು ತುರುಕುತ್ತಿದ್ದ. ಆ ಕರಿಹೊಗೆಗೆ ಅವ್ವನ ಉಬ್ಬಸ ಹೆಚ್ಚಿತು. ಮೊದಲ ಪಾಕದ ಬೆಲ್ಲವನ್ನು ನೆರೆಮನೆಗೆ ಕೊಡುವುದು ನಮ್ಮ ಕಡೆಯ ವಾಡಿಕೆ. ಮನೆ ಬಾಗಿಲಿಗೆ ಬಂದಿದ್ದನ್ನು ಬೇಡ ಎನ್ನಬಾರದೆಂದು ಅವ್ವ ಕೆಮ್ಮುತ್ತಲೇ ಸೆರಗೊಡ್ಡುತ್ತಿದ್ದಳು.

ನಾನು ಕೋರ್ಟಿಗೆ ಹೋದೆ. ಅವನ ವಕೀಲ ಕೇಳಿದ: "ವರ್ಷಾ ವರ್ಷಾ ಅವರ ಬೆಲ್ಲ ತಿಂದಿದ್ದೀರಲ್ವಾ?"

"ತಿಂದಿದ್ದೀವಿ."

"ಅಂದ್ಮೇಲೆ ಹೊಗೆಗೂ ಒಪ್ಪಿದ್ರಿ."

ಕೇಸು ಮುಗಿಯುವ ಮೊದಲೇ ಅವ್ವ ತೀರಿಕೊಂಡಳು. ತಿಥಿಯ ದಿನ ಅವನೇ ಬಾಗಿಲಿಗೆ ಬಂದ.

"ಪಾಯ್ಸಕ್ಕೆ ಒಸ ಬೆಲ್ಲ ತಂದಿವ್ನಿ, ಈಸ್ಕೊಳ್ಳಣ್ಣ."

ಅವನ ಬೆನ್ನ ಹಿಂದೆ ಆಲೆಮನೆ ಹೊಗೆಯಾಡುತ್ತಿತ್ತು. ಬೇಡ ಎನ್ನಬೇಕೆಂದುಕೊಂಡೆ. ಹಾಳು ಕೈಗಳು ತಾವಾಗಿಯೇ ಮುಂದೆ ಚಾಚಿಕೊಂಡವು.