ಪಂಪಾಪತಿ ಸರ್ ಅವರ ಕೆಂಪು ಪೆನ್ನು
ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿರುವ ಟ್ಯೂಶನ್ ಕೋಣೆಯಲ್ಲಿ ಪಂಪಾಪತಿ ಸರ್ ಕೂತದ್ದನ್ನು ಕಂಡವರಿಲ್ಲ. ಅಲ್ಲಿ ಕುರ್ಚಿ ಇರುವುದು ಅವರ ಛತ್ರಿಗೆ. ವಿದೇಶದಲ್ಲಿ ಓದಲು ಬೇಕಾದ ಇಂಗ್ಲಿಷ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಅವರು ಕೆಂಪು ಪೆನ್ನು ಹಿಡಿದು ಬೆಂಚಿನಿಂದ ಬೆಂಚಿಗೆ ಸುತ್ತುತ್ತಲೇ ಇರುತ್ತಾರೆ. 'ಒಂದು ಹಳೆಯ ವಿಶ್ವವಿದ್ಯಾಲಯದ ಊರನ್ನು ವರ್ಣಿಸಿ' ಎಂಬ ಪ್ರಶ್ನೆ ಬಂತೆಂದರೆ ಕಾಲಿಗೆ ಚಕ್ರ ಕಟ್ಟಿದಂತೆಯೇ. ಯಾರಾದರೂ 'ಬ್ಯೂಟಿಫುಲ್' ಎಂದು ಬರೆದರೆ ಹಲ್ಲುನೋವು ಬಂದವರಂತೆ ಮುಖ ಕಿವುಚಿ, "ಲೇ, ಚಾದಂಗಡ್ಯಾಗ ಯಾರರ ಹಿಂಗ ಮಾತಾಡ್ತಾರೇನು? ಆಡೋ ಮಾತು ಬರಿಯಲೇ!" ಎಂದು ಗೀಟು ಎಳೆಯುತ್ತಾರೆ. 'ಗ್ಲೋರಿಯಸ್' ಹೋಗಿ 'ಓಲ್ಡ್' ಬರುತ್ತದೆ. ಅದು ಸಪ್ಪೆಯೆನಿಸಿ 'ಏನ್ಶಿಯಂಟ್' ಬರುತ್ತದೆ. ಸಂಜೆ ಮನೆಗೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದು ಅದನ್ನೂ ಹೊಡೆದುಹಾಕುತ್ತಾರೆ. ಇಷ್ಟಾಗಿ ಅವರು ಯಾವ ಇಂಗ್ಲಿಷಿನವನ ಜೊತೆಗೂ ಚಹಾ ಕುಡಿದವರಲ್ಲ. ನೋಡಿದ ವಿಶ್ವವಿದ್ಯಾಲಯವೆಂದರೆ ತಮ್ಮ ಜಿಲ್ಲೆಯ ಯರಗೇರಾದ್ದೊಂದೇ, ಅದೂ ಬಸ್ಸಿನ ಕಿಟಕಿಯಿಂದ. ಮೊನ್ನೆ, ಪರೀಕ್ಷೆಯ ಹಿಂದಿನ ದಿನ, ಅದೇ ಪ್ರಶ್ನೆಗೆ ಮಲ್ಲೇಶ್ವರಿಯೆಂಬ ಹುಡುಗಿ ಬರೆದ ಹಾಳೆ ಕೈಗೆ ಬಂತು. ಈ ಊರಿನ ಗೋಡೆಗಳಿಗೆ ಆರುನೂರು ವರ್ಷ, ಆ ಕಲ್ಲುಗಳನ್ನು ಯಾರೋ ತಲೆಯ ಮೇಲೆ ಹೊತ್ತು ತಂದಿದ್ದಾರೆ, ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ ಎಂದು ಸರಳ ಇಂಗ್ಲಿಷಿನಲ್ಲಿ ಬರೆದಿದ್ದಳು. "ಯವ್ವಾ, ಇದು ಯಾವ ಗೈಡಿನ್ಯಾಗ ಅದ?" ಎಂದರು ಸರ್. "ಗೈಡಿನ್ಯಾಗ ಇಲ್ರಿ ಸರ್. ನಮ್ಮವ್ವ ಬೆಂಗಳೂರಾಗ ಕಾಲೇಜ್ ಕಟ್ಟಾಕ ಇಟ್ಟಂಗಿ ಹೊರಾಕತ್ಯಾಳ್ರಿ," ಎಂದಳು ಹುಡುಗಿ. ಪಂಪಾಪತಿ ಸರ್ ಇನ್ನೊಮ್ಮೆ ಓದಿದರು, ಪೆನ್ನಿಗೆ ಮುಚ್ಚಳ ಹಾಕಿದರು, ಛತ್ರಿಯನ್ನು ನೆಲಕ್ಕಿಟ್ಟು ಕುರ್ಚಿಯಲ್ಲಿ ಕೂತರು.